ತಂಬಿಗೆ ನೀರು ಎತ್ತ ಹೋಗುತ್ತದೆ?

ಮನೆ ಕಟ್ಟಿಸುವವರು ಬಚ್ಚಲಿನ ವಿಷಯಕ್ಕೆ ಬಂದಾಗ ಮೊದಲು ಹೋಗುವುದು ಟೈಲ್ಸ್ ಅಂಗಡಿಗೆ. ಗೋಡೆಗೆ ಯಾವ ಬಣ್ಣ, ನೆಲಕ್ಕೆ ಎಂಥ ಹೊಳಪು, ಷವರ್ ದುಂಡಗಿರಬೇಕೋ ಚೌಕವಿರಬೇಕೋ ಎಲ್ಲವೂ ಅಲ್ಲೇ ತೀರ್ಮಾನವಾಗುತ್ತದೆ. ಸುರಿದ ನೀರು ಯಾವ ಮೂಲೆಗೆ ಹರಿಯಬೇಕೆಂಬ ಮಾತು ಬರುವುದು ಕಟ್ಟಕಡೆಗೆ, ಗೌಂಡಿ ಕರಣೆ ಹಿಡಿದು ನೆಲ ಮಾಡಲು ಕೂತ ಮೇಲೆ. ಅಷ್ಟರಲ್ಲಿ ಪೈಪು ಹೂತಾಗಿರುತ್ತದೆ, ಬಾಗಿಲ ಚೌಕಟ್ಟು ಕೂತಿರುತ್ತದೆ, ಟೈಲ್ಸ್ ಬಂದು ಇಳಿದಿರುತ್ತದೆ. ಇದ್ದುದರಲ್ಲೇ ಹೊಂದಿಸುವುದೊಂದೇ ಗೌಂಡಿಗೆ ಉಳಿಯುವ ದಾರಿ. ಮುಂದೆ ಇಪ್ಪತ್ತು ಮೂವತ್ತು ವರ್ಷ ಮನೆಯವರು ಅನುಭವಿಸುವ ಜಾರುವ ನೆಲ, ಮೂಲೆಯ ಪಾಚಿ, ಆಚೆ ಕೋಣೆಯ ಗೋಡೆಗೇರಿದ ತೇವ, ಮೋರಿಯ ವಾಸನೆ ಬಹುಪಾಲು ಆ ತಡವಾದ ಮಾತಿನ ಫಲ. ಬಚ್ಚಲ ವಿನ್ಯಾಸವೆಂದರೆ ಮೊದಲಿಗೆ ನೀರಿನ ದಾರಿ ಗೊತ್ತುಮಾಡುವುದು. ಒಂದು ತಂಬಿಗೆ ನೀರು ಎಲ್ಲಿ ಬೀಳುತ್ತದೆ, ಯಾವ ಕಡೆ ಹರಿಯುತ್ತದೆ, ಎಷ್ಟು ಹೊತ್ತಿಗೆ ನೆಲ ಬಿಡುತ್ತದೆ, ಹೊರಗೆ ಹೋಗಿ ಏನಾಗುತ್ತದೆ, ಅದು ಬಿಟ್ಟುಹೋದ ಕೊಳೆಯನ್ನು ಯಾರು ತೆಗೆಯುತ್ತಾರೆ ಎಂಬ ಐದು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಉಳಿದ ಅಂದಚೆಂದ ತನ್ನ ಜಾಗ ತಾನೇ ಹುಡುಕಿಕೊಳ್ಳುತ್ತದೆ. ಐದಡಿ ಅಗಲದ ಮನೆ ಬಚ್ಚಲಿಗೂ ಹಾವೇರಿ ಜಿಲ್ಲೆಯ ಕಾಗಿನೆಲೆಯಂಥ ಕ್ಷೇತ್ರದ ಸಾರ್ವಜನಿಕ ಶೌಚಾಲಯಕ್ಕೂ ಇದೇ ಅಳತೆಗೋಲು.

ಹಳೆಯ ಬಚ್ಚಲಿಗೆ ಈ ತಿಳಿವಳಿಕೆ ಅರ್ಧದಷ್ಟಾದರೂ ಇತ್ತು. ಹಾವೇರಿ ಸೀಮೆಯ ಹಳ್ಳಿಮನೆಗಳಲ್ಲಿ ಜಳಕದ ಜಾಗ ಹಿಂಬದಿಯ ಹೊರಗೋಡೆಗೆ ಅಂಟಿಕೊಂಡಿರುತ್ತಿತ್ತು. ಕೂರಲು ಒರಟು ಕಲ್ಲು, ಮಗ್ಗುಲಿಗೆ ಹಂಡೆ. ಕಲ್ಲಿನ ಮೇಲೆ ಬಿದ್ದ ನೀರು ಗೋಡೆಯ ಕಿಂಡಿ ದಾಟಿ ನೇರ ಹಿತ್ತಲಿನ ಬಾಳೆ, ಕೆಸುವಿನ ಬುಡಕ್ಕೆ. ಅದನ್ನು ಹೊಗಳಿ ಹಾಡುವ ಅಗತ್ಯವಿಲ್ಲ: ಕತ್ತಲು, ಹೊಗೆ, ಬಾಗಿಲಿಗೆ ಬದಲು ಹಳೆ ಸೀರೆಯ ಮರೆ ಎಲ್ಲವೂ ಅಲ್ಲಿದ್ದವು, ಶೌಚಕ್ಕಂತೂ ಊರ ಹೊರಗಿನ ಬಯಲೇ ಗತಿ. ಶೌಚಾಲಯ ಮನೆಯಂಗಳಕ್ಕೆ ದೊಡ್ಡ ಪ್ರಮಾಣದಲ್ಲಿ ಬಂದದ್ದು ಇತ್ತೀಚೆಗೆ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನ ಗ್ರಾಮೀಣ ಕುಟುಂಬಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಕೊಟ್ಟಿತು. ಪೇಟೆಯ ಮನೆಗಳಲ್ಲಿ ಜಳಕ, ಶೌಚ, ಬಟ್ಟೆ ಒಗೆತ ಮೂರೂ ಒಂದೇ ಕೋಣೆಗೆ, ಒಂದೇ ನೆಲಕ್ಕೆ ಬಂದವು. ತೊಡಕು ಹುಟ್ಟಿದ್ದು ಇಲ್ಲೇ. ಜಳಕಕ್ಕೆ ನೀರು ಧಾರಾಳ ಬೇಕು. ಶೌಚಕ್ಕೆ ಹೋಗುವವರಿಗೆ ನೆಲ ಒಣಗಿರಬೇಕು. ಈ ಎರಡನ್ನೂ ಒಂದೇ ಕೋಣೆಯಲ್ಲಿ ಸಾಧಿಸುವುದೇ ಇಂದಿನ ಬಚ್ಚಲು ಕಟ್ಟುವವರ ಮುಂದಿರುವ ನಿಜವಾದ ಲೆಕ್ಕ.

ಏಳಡಿಗೆ ಒಂದು ಅಂಗುಲ

ಲೆಕ್ಕ ಶುರುವಾಗುವುದು ನೆಲದಿಂದ. ಬಚ್ಚಲ ನೆಲಕ್ಕೆ ಒಂದು ಮೀಟರಿಗೆ 10ರಿಂದ 15 ಮಿಲಿಮೀಟರಿನಷ್ಟು ವಾಟ ಬೇಕು. ಗೌಂಡಿಯ ಭಾಷೆಯಲ್ಲಿ ಹೇಳುವುದಾದರೆ ಏಳಡಿ ಉದ್ದದ ಬಚ್ಚಲಿನಲ್ಲಿ ಆ ತುದಿಗೂ ಈ ತುದಿಗೂ ಒಂದು ಅಂಗುಲದ ಇಳಿತ. ಇದಕ್ಕಿಂತ ಕಡಿಮೆಯಾದರೆ ನೀರು ನಿಲ್ಲುತ್ತದೆ, ತೀರ ಹೆಚ್ಚಾದರೆ ವಯಸ್ಸಾದವರ ಕಾಲು ನಿಲ್ಲುವುದಿಲ್ಲ. ವಾಟ ಬಾಗಿಲಿನಿಂದ ದೂರಕ್ಕೆ, ಜಳಕದ ಮೂಲೆಯ ಕಡೆಗೆ ಇರಬೇಕು. ನೀರು ಹೋಗುವ ಜಾಲರಿ ಕೋಣೆಯ ನಟ್ಟನಡುವೆ ಇದ್ದರೆ ಓಡಾಡುವ ಜಾಗವೇ ಕಾಲುವೆಯಾಗುತ್ತದೆ. ಟೈಲ್ಸ್ ಆಯ್ಕೆಯೂ ಇದೇ ಲೆಕ್ಕಕ್ಕೆ ಬದ್ಧ. ಎರಡಡಿ ನಾಲ್ಕಡಿಯ ದೊಡ್ಡ ಹಲಗೆಗಳು ಅಂಗಡಿಯಲ್ಲಿ ಕಣ್ಣು ಸೆಳೆಯುತ್ತವೆ, ಆದರೆ ನಾಲ್ಕೂ ಕಡೆಯಿಂದ ಒಂದು ಜಾಲರಿಗೆ ವಾಟ ಕೊಡಬೇಕಾದಾಗ ಅವು ಬಾಗಲಾರವು. ಕೊಯ್ದು ಕೂರಿಸಬೇಕು, ಇಲ್ಲವೇ ವಾಟವನ್ನೇ ಕೈಬಿಡಬೇಕು. ಒಂದಡಿ ಚೌಕದ, ಹೊಳಪಿಲ್ಲದ ಒರಟು ಟೈಲ್ಸ್ ಆದರೆ ವಾಟಕ್ಕೂ ಬಗ್ಗುತ್ತದೆ, ಸಂದುಗಳು ಹೆಚ್ಚಿರುವುದರಿಂದ ಪಾದಕ್ಕೆ ಹಿಡಿತವನ್ನೂ ಕೊಡುತ್ತದೆ. ದೊಡ್ಡ ಟೈಲ್ಸೇ ಬೇಕೆನ್ನುವವರು ಒಂದು ಗೋಡೆಯ ಉದ್ದಕ್ಕೂ ಉದ್ದನೆಯ ಜಾಲರಿ ಹಾಕಿಸಿ ಇಡೀ ನೆಲಕ್ಕೆ ಒಂದೇ ದಿಕ್ಕಿನ ವಾಟ ಕೊಡಿಸಬಹುದು. ಗೋಡೆಗೆ ಎಷ್ಟು ಹೊಳಪಿದ್ದರೂ ಅಡ್ಡಿಯಿಲ್ಲ, ಹೊಳಪು ನೆಲಕ್ಕಿಳಿಯಬಾರದು.

ಇಷ್ಟು ಸಣ್ಣ ವಿಷಯಕ್ಕೆ ಇಷ್ಟೊಂದು ಮಾತೇಕೆ ಎಂದು ಕೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ. ಆಕಸ್ಮಿಕ ಗಾಯಗಳಿಂದಾಗುವ ಸಾವುಗಳಲ್ಲಿ ರಸ್ತೆ ಅಪಘಾತ ಬಿಟ್ಟರೆ ಬೀಳುವುದೇ ಎರಡನೆಯ ದೊಡ್ಡ ಕಾರಣ, ಅದಕ್ಕೆ ಹೆಚ್ಚು ಬಲಿಯಾಗುವವರು ಅರವತ್ತು ದಾಟಿದವರು. ಮನೆಯಲ್ಲಿ ನೀರು, ಸಾಬೂನು, ಬರಿಗಾಲು, ಅರೆನಿದ್ದೆ ನಾಲ್ಕೂ ಒಟ್ಟಿಗೆ ಸೇರುವ ಜಾಗ ಬಚ್ಚಲೊಂದೇ. ತೊಡೆಯ ಮೂಳೆ ಮುರಿದ ಅಜ್ಜಿ ಮತ್ತೆ ಮೊದಲಿನಂತೆ ನಡೆದಾಡುವಳೆಂಬ ಭರವಸೆ ಇರುವುದಿಲ್ಲ. ಹಾಗಾಗಿ ಬಚ್ಚಲನ್ನು ಮನೆಯ ಅತಿ ಗಟ್ಟಿ ಮನುಷ್ಯನ ಅಳತೆಗೆ ಕಟ್ಟಿದರೆ ಸಾಲದು. ರಾತ್ರಿ ಎರಡು ಗಂಟೆಗೆ ಕನ್ನಡಕವಿಲ್ಲದೆ ಎದ್ದುಬರುವ ಮುದುಕರ ಅಳತೆಗೆ ಕಟ್ಟಬೇಕು. ಅವರಿಗೆ ಒಗ್ಗಿದ ಬಚ್ಚಲು ಬಸುರಿಗೂ ಮಗುವಿಗೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ಯುವಕನಿಗೂ ಒಗ್ಗುತ್ತದೆ.

"ನಾವು ತಂಬಿಗೆಯಿಂದ ಸುರಿದುಕೊಂಡು ಜಳಕ ಮಾಡುವವರು, ಒಣ ನೆಲ ನಮ್ಮಲ್ಲಿ ಆಗದ ಮಾತು" ಎಂಬ ಆಕ್ಷೇಪ ಇಲ್ಲಿ ಸಹಜ. ಆದರೆ ಒಣ ನೆಲವೆಂದರೆ ನೀರೇ ಬೀಳದ ನೆಲವೆಂದು ತಿಳಿಯಬೇಕಿಲ್ಲ. ಬಿದ್ದ ನೀರು ತನ್ನ ಮೂಲೆ ಬಿಟ್ಟು ಅಲೆಯಬಾರದು, ಅರ್ಧ ಗಂಟೆಯೊಳಗೆ ಜಾಗ ಖಾಲಿ ಮಾಡಬೇಕು, ಅಷ್ಟೇ. ಅದಕ್ಕೆ ಗಾಜಿನ ಕೋಣೆ ಕಟ್ಟಿಸಬೇಕಿಲ್ಲ. ಕೊಳವೆಬಾವಿಯ ಗಡಸು ನೀರು ಇರುವ ಕಡೆ ಗಾಜಿನ ಮೇಲೆ ತಿಂಗಳೊಪ್ಪತ್ತಿನಲ್ಲಿ ಬಿಳಿ ಉಪ್ಪಿನ ಪದರ ಕೂರುತ್ತದೆ, ಆಮೇಲೆ ಉಜ್ಜುವುದೇ ಕೆಲಸ. ಕಮೋಡಿಗೂ ಜಳಕದ ಜಾಗಕ್ಕೂ ನಡುವೆ ಮೂರುನಾಲ್ಕು ಅಡಿ ಎತ್ತರದ ತೆಳು ಗೋಡೆ ಎಬ್ಬಿಸಿದರೆ ಸಿಡಿಯುವ ನೀರು ಅಲ್ಲೇ ನಿಲ್ಲುತ್ತದೆ, ಅದರ ತಲೆಯ ಮೇಲೆ ಸಾಬೂನು ಇಡಲೂ ಜಾಗವಾಗುತ್ತದೆ. ನೀರು ತಡೆಯಲು ಅಡ್ಡಗಟ್ಟೆ ಕಟ್ಟುವ ರೂಢಿಯೊಂದಿದೆ. ವಾಟ ಸರಿಯಿದ್ದರೆ ಅದರ ಅಗತ್ಯವಿಲ್ಲ, ಎಡವಿ ಬೀಳುವುದಕ್ಕೆ ಮಾತ್ರ ಅದು ನೆರವಾಗುತ್ತದೆ. ಟೈಲ್ಸ್ ಕೂರಿಸುವ ಮುಂಚೆ ನೀರುತಡೆ ಲೇಪನವನ್ನು ಗೋಡೆಯ ಬುಡದಲ್ಲಿ ಒಂದಡಿಯಾದರೂ ಮೇಲಕ್ಕೆ ಏರಿಸಿ, ಜಾಲರಿ ಮುಚ್ಚಿ, ಎರಡು ಮೂರು ದಿನ ನೀರು ಕಟ್ಟಿ ನಿಲ್ಲಿಸಿ ಕೆಳಗಿನ ಸ್ಲ್ಯಾಬು, ಆಚೆ ಗೋಡೆ ನೋಡಬೇಕು. ಆಗ ಕಂಡ ಸೋರಿಕೆಗೆ ಒಂದು ದಿನದ ಕೂಲಿ ಸಾಕು. ಗೃಹಪ್ರವೇಶದ ಮೇಲೆ ಕಂಡರೆ ನೆಲವನ್ನೇ ಅಗೆಯಬೇಕು.

ಬಾಗಿಲು, ಕಿಟಕಿ, ಹಿಡಿಕೆ

ಜಾಗ ಚಿಕ್ಕದೆಂಬುದು ಎರಡನೆಯ ಆಕ್ಷೇಪ. ರಾಷ್ಟ್ರೀಯ ಕಟ್ಟಡ ಸಂಹಿತೆ ಜಳಕ ಮತ್ತು ಶೌಚ ಸೇರಿದ ಕೋಣೆಗೆ ಹೇಳುವ ಕನಿಷ್ಠ ವಿಸ್ತೀರ್ಣ 2.8 ಚದರ ಮೀಟರ್, ಅಗಲ 1.2 ಮೀಟರ್. ಅಂದರೆ ನಾಲ್ಕಡಿ ಅಗಲ, ಏಳೂವರೆ ಅಡಿ ಉದ್ದ ಇದ್ದರೂ ಕೆಲಸ ನಡೆಯುತ್ತದೆ. ಇಷ್ಟರಲ್ಲಿ ಸಾಮಾನುಗಳ ಸಾಲು ಮುಖ್ಯ: ಬಾಗಿಲ ಹತ್ತಿರ ಕೈತೊಳೆಯುವ ಬೇಸಿನ್, ನಡುವೆ ಕಮೋಡ್, ಕೊನೆಯಲ್ಲಿ ಜಳಕದ ಜಾಗ. ಒಣ ಕೆಲಸದಿಂದ ಒದ್ದೆ ಕೆಲಸಕ್ಕೆ ಹೋಗುವ ಈ ಕ್ರಮವೂ ವಾಟದ ದಿಕ್ಕೂ ಒಂದೇ ಆದಾಗ ಚಿಕ್ಕ ಬಚ್ಚಲು ಇಕ್ಕಟ್ಟೆನಿಸುವುದಿಲ್ಲ. ಕೈತೊಳೆಯಲು ಬಂದವರು ಜಳಕದ ನೀರು ತುಳಿಯಬೇಕಾಗಿಯೂ ಬರುವುದಿಲ್ಲ. ಜಾಗವಿದ್ದವರು ಬೇಸಿನ್ನನ್ನು ಹೊರಗಿಟ್ಟು ಜಳಕವನ್ನೂ ಶೌಚವನ್ನೂ ಎರಡು ಪುಟ್ಟ ಕೋಣೆಗಳಾಗಿ ಬೇರ್ಪಡಿಸುವುದು ಇನ್ನೂ ಮೇಲು. ಆರು ಜನರ ಮನೆಯಲ್ಲಿ ಬೆಳಗಿನ ಕಾಯುವಿಕೆ ಇದರಿಂದಲೇ ಅರ್ಧ ಕರಗುತ್ತದೆ, ಮಡಿ ಮೈಲಿಗೆಯ ಮಾತೆತ್ತುವ ಹಿರಿಯರಿಗೂ ಸಮಾಧಾನವಾಗುತ್ತದೆ.

ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು. ಒಳಗೆ ಯಾರಾದರೂ ತಲೆಸುತ್ತಿ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲಿಗೆ ಅವರ ದೇಹವೇ ಅಗುಳಿಯಾಗುತ್ತದೆ. ಚಿಲಕ ಕೂಡ ಅಗತ್ಯ ಬಿದ್ದಾಗ ಹೊರಗಿನಿಂದ ತೆಗೆಯಲು ಬರುವಂಥದ್ದಿರಲಿ. ಕಮೋಡಿನ ಸೀಟು ನೆಲದಿಂದ 45ರಿಂದ 48 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಮೊಣಕಾಲು ನೋವಿನವರಿಗೆ ಏಳುವುದು ಸುಲಭ. ಸೀಟಿಗಿಂತ 20-25 ಸೆಂಟಿಮೀಟರ್ ಮೇಲೆ, ಮಗ್ಗುಲ ಗೋಡೆಗೆ ಒಂದು ಉಕ್ಕಿನ ಹಿಡಿಕೆ ಬೇಕು. ಈ ಹಿಡಿಕೆ ಟವೆಲ್ ಕಂಬಿಯಾಗಬಾರದು, ಪೂರ್ತಿ ಮೈಭಾರ ಹೊರಬೇಕು. ಟೊಳ್ಳು ಬ್ಲಾಕಿನ ಗೋಡೆಯಾದರೆ ಹಿಡಿಕೆ ಬರುವ ಕಡೆ ಮೊದಲೇ ಕಾಂಕ್ರೀಟ್ ತುಂಬಿಸಲು ಗೌಂಡಿಗೆ ಹೇಳಬೇಕು. ಈಗ ಹಿಡಿಕೆ ಬೇಡವೆನ್ನುವವರೂ ಗೋಡೆಯನ್ನು ಸಿದ್ಧವಾಗಿಡುವುದು ಜಾಣತನ. ಬಿಳಿ ನೆಲ, ಬಿಳಿ ಗೋಡೆ, ಬಿಳಿ ಕಮೋಡ್ ಚಿತ್ರದಲ್ಲಿ ಚೆನ್ನ. ಆದರೆ ಕಣ್ಣಿನ ಪೊರೆ ಬಂದವರಿಗೆ ಅಲ್ಲಿ ಯಾವುದು ಎಲ್ಲಿ ಮುಗಿಯುತ್ತದೆಂದು ತಿಳಿಯುವುದಿಲ್ಲ. ನೆಲದ ಬಣ್ಣ ಒಂದಿಷ್ಟು ಗಾಢವಾಗಿದ್ದರೆ ಬೇರೇನೂ ಖರ್ಚಿಲ್ಲದೆ ಆ ತೊಂದರೆ ತಪ್ಪುತ್ತದೆ. ಇಂಡಿಯನ್ನೋ ವೆಸ್ಟರ್ನೋ ಎಂಬ ವಾದಕ್ಕೂ ಉತ್ತರ ಬಳಸುವವರ ಮೊಣಕಾಲಿನಲ್ಲಿದೆ. ಒಂದೇ ಬಚ್ಚಲಿದ್ದರೆ ಕಮೋಡ್, ಎರಡಿದ್ದರೆ ಎರಡೂ ಬಗೆ.

ನೆಲ ಬಿಟ್ಟ ನೀರಿನಷ್ಟೇ ಮುಖ್ಯ ಗಾಳಿಗೆ ಸೇರುವ ನೀರು. ಆವಿ ಹೊರಹೋಗದಿದ್ದರೆ ಎಂಥ ವಾಟವಿದ್ದರೂ ಬಚ್ಚಲು ಒಣಗದು. ಕಟ್ಟಡ ಸಂಹಿತೆ ಬಚ್ಚಲಿನ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕು, ಕಿಟಕಿ 0.3 ಚದರ ಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತದೆ. ಅಂದರೆ ಸುಮಾರು ಒಂದೂಮುಕ್ಕಾಲು ಅಡಿ ಚೌಕ. ವಾಸ್ತು ನೋಡುವವರು ಬಚ್ಚಲನ್ನು ಯಾವ ದಿಕ್ಕಿಗಾದರೂ ಇಟ್ಟುಕೊಳ್ಳಲಿ, ಆ ದಿಕ್ಕಿನಲ್ಲಿ ಹೊರಗೋಡೆ ಸಿಗುವುದೇ ಎಂದು ಮೊದಲು ನೋಡಲಿ. ಗ್ಯಾಸ್ ಗೀಸರ್ ಬಳಸುವ ಮನೆಯಲ್ಲಿ ಈ ಕಿಟಕಿ ಪ್ರಾಣದ ಪ್ರಶ್ನೆ. ಮುಚ್ಚಿದ ಬಚ್ಚಲಿನಲ್ಲಿ ಅನಿಲ ಉರಿದು ಆಮ್ಲಜನಕ ಕಡಿಮೆಯಾದಂತೆ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಜಳಕ ಮಾಡುತ್ತಿದ್ದವರು ಏನಾಯಿತೆಂದು ತಿಳಿಯುವ ಮುಂಚೆಯೇ ಪ್ರಜ್ಞೆ ತಪ್ಪುತ್ತಾರೆ. ಗೀಸರನ್ನೂ ಸಿಲಿಂಡರನ್ನೂ ಹೊರಗೋಡೆಯ ಆಚೆಗಿಟ್ಟು ಬಿಸಿನೀರಿನ ಪೈಪನ್ನಷ್ಟೇ ಒಳಗೆ ತರಬೇಕು. ಒಲೆಯ ಬಾಯಿಯನ್ನು ಹಿತ್ತಲಿಗೆ ಇಟ್ಟು ಹಂಡೆ ಹೂಡಿದ ಹಳೆಯ ಮನೆಗಳು ಮಾಡಿದ್ದೂ ಇದನ್ನೇ. ವಿದ್ಯುತ್ ಗೀಸರಾದರೆ ಸ್ವಿಚ್ಚು ಬಾಗಿಲ ಹೊರಗೆ, ಅರ್ಥಿಂಗ್ ಕಡ್ಡಾಯ, ಸೋರುವ ಕರೆಂಟಿಗೆ ತಾನೇ ಬೀಳುವ 30 ಮಿಲಿಆಂಪಿಯರಿನ ಸುರಕ್ಷಾ ಸ್ವಿಚ್ಚೂ ಕಡ್ಡಾಯ.

ಇಷ್ಟಕ್ಕೆಲ್ಲ ದುಡ್ಡೆಲ್ಲಿಂದ ಎಂಬುದು ಎಲ್ಲರ ಬಾಯಲ್ಲಿ ಬರುವ ಪ್ರಶ್ನೆ. ಮೇಲಿನ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ವಾಟಕ್ಕೆ ಬೇರೆ ಸಿಮೆಂಟ್ ಬೇಕಿಲ್ಲ, ಬಾಗಿಲನ್ನು ಹೊರಕ್ಕೆ ತೆರೆಸಲು ಬಡಿಗ ಹೆಚ್ಚು ಕೂಲಿ ಕೇಳುವುದಿಲ್ಲ, ಬೇಸಿನ್ನನ್ನು ಬಾಗಿಲ ಬಳಿ ಇಟ್ಟರೆ ಬಿಲ್ಲು ಏರುವುದಿಲ್ಲ, ಸಣ್ಣ ಒರಟು ಟೈಲ್ಸ್ ದೊಡ್ಡ ಹೊಳಪಿನದಕ್ಕಿಂತ ಸಾಮಾನ್ಯವಾಗಿ ಅಗ್ಗ. ನಿಜವಾಗಿ ಕೈಯಿಂದ ಹೋಗುವುದು ನೀರುತಡೆ ಲೇಪನ, ಹಿಡಿಕೆ, ಸುರಕ್ಷಾ ಸ್ವಿಚ್ಚಿನ ಹಣ. ಆಮದು ಮಾಡಿದ ಒಂದು ನಲ್ಲಿಯ ಆಸೆ ಬಿಟ್ಟರೆ ಆ ಹಣ ಹೊಂದುತ್ತದೆ.

ಎರಡು ನೀರು, ಎರಡು ದಾರಿ

ಗೋಡೆಯಾಚೆ ಹೋದ ನೀರನ್ನು ಮರೆತುಬಿಡುವುದು ನಮ್ಮ ರೂಢಿ. ಅಲ್ಲಿ ನೀರು ಎರಡು ಬಗೆ: ಜಳಕ, ಬಟ್ಟೆ, ಬೇಸಿನ್ನಿನ ಸಾಬೂನು ನೀರು ಒಂದು, ಶೌಚದ ನೀರು ಇನ್ನೊಂದು. ಈ ಎರಡನ್ನೂ ಒಂದೇ ಗುಂಡಿಗೆ ಬಿಡುವುದು ಹಳ್ಳಿಮನೆಗಳಲ್ಲಿ ಆಗುವ ದೊಡ್ಡ ತಪ್ಪು. ಸಾಬೂನು ನೀರಿನ ಪ್ರಮಾಣ ಹಲವು ಪಟ್ಟು ಹೆಚ್ಚು. ಅದು ಸೇರಿದರೆ ಇಂಗುಗುಂಡಿ ಬೇಗ ತುಂಬುತ್ತದೆ, ಮಲ ಕೊಳೆತು ಗೊಬ್ಬರವಾಗುವುದೂ ಕೆಡುತ್ತದೆ. ಸಾಬೂನು ನೀರನ್ನು ಬೇರೆ ಪೈಪಿನಲ್ಲಿ ತಂದು, ಕೂದಲು ಕಸ ತಡೆಯುವ ಒಂದು ಚಿಕ್ಕ ಚೇಂಬರ್ ದಾಟಿಸಿ, ಹಿತ್ತಲ ಬಾಳೆ ತೆಂಗಿಗೆ ಬಿಡಬಹುದು. ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಶೌಚಕ್ಕೆ ಒಳಚರಂಡಿ ಇಲ್ಲದ ಊರುಗಳಲ್ಲಿ ಒಪ್ಪುವುದು ಜೋಡಿಗುಂಡಿ. 1970ರಲ್ಲಿ ಸುಲಭ್ ಸಂಸ್ಥೆ ಕಟ್ಟಿದ ಬಿಂದೇಶ್ವರ ಪಾಠಕ್ ಇದನ್ನು ದೇಶದುದ್ದಕ್ಕೂ ಹರಡಿದರು. ಐದಾರು ಜನರ ಕುಟುಂಬಕ್ಕೆ ಸುಮಾರು ಒಂದು ಮೀಟರ್ ಅಗಲದ, ಅದಕ್ಕಿಂತ ತುಸು ಹೆಚ್ಚು ಆಳದ ಎರಡು ಗುಂಡಿ. ನಡುವೆ ಕನಿಷ್ಠ ಒಂದು ಮೀಟರ್ ಅಂತರ. ಒಂದು ತುಂಬಿದ ಮೇಲೆ ಚೇಂಬರಿನಲ್ಲಿ ದಾರಿ ತಿರುಗಿಸಿ ಇನ್ನೊಂದನ್ನು ಬಳಸುವುದು. ಮುಚ್ಚಿಟ್ಟ ಗುಂಡಿ ಒಂದೂವರೆ ಎರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ.

"ಹದಿನೈದಡಿ ಆಳದ ಒಂದೇ ಗುಂಡಿ ತೋಡಿದರೆ ಜನ್ಮವಿಡೀ ತುಂಬುವುದಿಲ್ಲ" ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ. ತುಂಬದಿರುವುದಕ್ಕೆ ಕಾರಣ ಕೊಳೆ ಅಂತರ್ಜಲಕ್ಕೆ ಸೇರುತ್ತಿರುವುದೂ ಇರಬಹುದು. ಆ ನೀರೇ ಪಕ್ಕದ ಕೊಳವೆಬಾವಿಯಿಂದ ಕೊಡಕ್ಕೆ ಬರುತ್ತದೆ. ಗುಂಡಿಗೂ ಕುಡಿಯುವ ನೀರಿನ ಬಾವಿಗೂ ನಡುವೆ ಹತ್ತು ಮೀಟರ್ ಅಂತರ ಇರಲೇಬೇಕು, ಈ ವಿಷಯದಲ್ಲಿ ಯಾವ ವಾಸ್ತುವೂ ವಿನಾಯಿತಿ ಕೊಡಲಾರದು. ಹಾವೇರಿ ಸೀಮೆಯಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಇಲ್ಲಿ ಕೆಂಪು ಮಸಾರಿಯೂ ಇದೆ, ಎರೆಯೂ ಇದೆ. ಮಸಾರಿ ನೀರು ಕುಡಿಯುತ್ತದೆ. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ನೀರನ್ನು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಹೂತ ಪೈಪನ್ನು ಎಳೆದಾಡುತ್ತದೆ. ಎರೆಯಲ್ಲಿ ಗುಂಡಿ ತೋಡುವವರು ಅಗಲ ಹೆಚ್ಚಿಸಿ, ರಿಂಗಿನ ಸುತ್ತ ಮರಳು ಮತ್ತು ಇಟ್ಟಿಗೆ ಚೂರಿನ ಪದರ ತುಂಬಿಸಬೇಕು. ಪೈಪನ್ನು ಮರಳಿನ ಹಾಸಿನ ಮೇಲೆ ಮಲಗಿಸಬೇಕು.

ಎಷ್ಟು ನೀರು ಒಳಗೆ ಬಿಡುತ್ತೇವೆಂಬುದೂ ಹೊರಗಿನ ಲೆಕ್ಕವನ್ನು ಬದಲಿಸುತ್ತದೆ. 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಹಳ್ಳಿಯ ಒಬ್ಬ ಮನುಷ್ಯನಿಗೆ ದಿನಕ್ಕೆ 55 ಲೀಟರ್ ನೀರು ಎಂದು ಗುರಿ ಇಟ್ಟುಕೊಂಡಿದೆ. ಹತ್ತು ಲೀಟರಿನ ಹಳೆಯ ಫ್ಲಷ್ ಟ್ಯಾಂಕನ್ನು ಒಬ್ಬರು ದಿನಕ್ಕೆ ಐದು ಸಲ ಒತ್ತಿದರೆ 50 ಲೀಟರ್ ಅಲ್ಲೇ ಮುಗಿಯಿತು. ಕುಡಿಯಲು, ಬೇಯಿಸಲು, ಜಳಕಕ್ಕೆ ಉಳಿದದ್ದು ಐದು. ಮೂರು ಮತ್ತು ಆರು ಲೀಟರಿನ ಎರಡು ಬಟನ್ನಿನ ಫ್ಲಷ್ ಇದ್ದರೆ, ಒಂದು ಸಲ ಆರು, ನಾಲ್ಕು ಸಲ ಮೂರರಂತೆ, ಅದೇ ಐದು ಸಲಕ್ಕೆ 18 ಲೀಟರ್ ಸಾಕು. ಹಳ್ಳಿಗೆಂದೇ ರೂಪಿಸಿದ ಹೆಚ್ಚು ಇಳಿಜಾರಿನ ಪ್ಯಾನು, 20 ಮಿಲಿಮೀಟರ್ ನೀರು ನಿಂತು ವಾಸನೆ ತಡೆಯುವ ಟ್ರ್ಯಾಪ್ ಹಾಕಿಸಿದರೆ ಒಂದು ಸಲಕ್ಕೆ ಒಂದೂವರೆ ಎರಡು ಲೀಟರ್, ದಿನಕ್ಕೆ ಹತ್ತು ದಾಟುವುದಿಲ್ಲ. ಇಂಥ ಪ್ಯಾನು ನೋಡಲು ಸಾದಾ. ಬೇಸಿಗೆಯಲ್ಲಿ ನಲ್ಲಿ ವಾರಕ್ಕೊಮ್ಮೆ ಬಂದಾಗ ಅದರ ಬೆಲೆ ತಿಳಿಯುತ್ತದೆ. ತೊಳೆಯುವಾಗ ಒಂದು ಎಚ್ಚರಿಕೆ: ಉಪ್ಪಿನ ಕಲೆಗೆಂದು ಆಸಿಡ್ ಸುರಿದ ಮೇಲೆ ಅಲ್ಲೇ ಬ್ಲೀಚಿಂಗ್ ಪುಡಿ ಹಾಕಬಾರದು. ಎರಡೂ ಸೇರಿದರೆ ಏಳುವುದು ಉಸಿರು ಕಟ್ಟಿಸುವ ಕ್ಲೋರಿನ್.

ಊರ ಬಚ್ಚಲು

ಸಾರ್ವಜನಿಕ ಶೌಚಾಲಯದಲ್ಲಿ ಅದೇ ಐದು ಪ್ರಶ್ನೆಗಳು ಸಾವಿರ ಪಟ್ಟು ದೊಡ್ಡದಾಗಿ ನಿಲ್ಲುತ್ತವೆ, ಬಳಸುವವರು ಯಾರೆಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಬ್ಯಾಡಗಿಯನ್ನೇ ನೋಡಿ. ಮೆಣಸಿನಕಾಯಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಒಂದೇ ದಿನ ಲಕ್ಷ ಚೀಲ ಮೀರಿ ಬಂದದ್ದುಂಟು. ಬಳ್ಳಾರಿ, ರಾಯಚೂರಿನ ಕಡೆಯ ರೈತರು, ಗಡಿಯಾಚೆಯ ಆಂಧ್ರದವರು ಮಾಲಿನ ಜತೆ ರಾತ್ರಿ ಕಳೆಯುತ್ತಾರೆ. ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ದಿನವಿಡೀ ಕಾಯಿ ಮುಟ್ಟುತ್ತಾರೆ. ಎಲ್ಲ ಕಡೆ ಕೈತೊಳೆಯುವ ನಲ್ಲಿ ಶೌಚಾಲಯದಿಂದ ಹೊರಬರುವ ದಾರಿಯಲ್ಲಿರುತ್ತದೆ. ಇಲ್ಲಿ ಒಳಹೋಗುವ ದಾರಿಯಲ್ಲೇ ನಲ್ಲಿ ಮತ್ತು ಸಾಬೂನು ಬೇಕು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆ, ನಿಜ. ಆದರೂ ದಿನವಿಡೀ ಅದನ್ನು ಮುಟ್ಟಿದ ಕೈ ಮೈಯ ಮೆದು ಭಾಗಕ್ಕೆ ತಗುಲಿದರೆ ಉರಿ ತಪ್ಪದು, ಬರೀ ನೀರಿಗೆ ಆ ಖಾರ ಬಿಡುವುದೂ ಇಲ್ಲ. ನಕ್ಷೆಯಲ್ಲಿ ಒಂದು ನಲ್ಲಿಯನ್ನು ಹತ್ತಡಿ ಮುಂದೆ ತರುವ ಈ ಕೆಲಸ ಬೆಂಗಳೂರಿನ ಮಾದರಿ ನಕ್ಷೆಯನ್ನು ಹಾಗೆಯೇ ಇಳಿಸಿದರೆ ಹೊಳೆಯುವಂಥದ್ದಲ್ಲ.

ರಾಣೆಬೆನ್ನೂರು, ಹಾವೇರಿಗಳ ಬಸ್ ನಿಲ್ದಾಣದ್ದು ಬೇರೆ ಲೆಕ್ಕ. ಗಂಡಸರಿಗೂ ಹೆಂಗಸರಿಗೂ ಸಮಾನ ಜಾಗ ಕೊಟ್ಟರೆ ನ್ಯಾಯ ಸಂದಿತೆಂದು ನಕ್ಷೆ ಬರೆಯುವವರು ತಿಳಿಯುತ್ತಾರೆ. ಒಂದೇ ಅಳತೆಯ ಕೋಣೆಯಲ್ಲಿ ಗಂಡಸರಿಗೆ ಎರಡು ಶೌಚದ ಕೋಣೆ, ನಾಲ್ಕು ಮೂತ್ರಿ. ಹೆಂಗಸರಿಗೆ ನಾಲ್ಕು ಕೋಣೆ ಎಂದಿಟ್ಟುಕೊಳ್ಳಿ. ಮೂತ್ರಿಗೆ ಒಂದು ನಿಮಿಷ, ಕೋಣೆಗೆ ಮೂರು ನಿಮಿಷ ಎಂದು ಹಿಡಿದರೆ ಒಂದು ಗಂಟೆಯಲ್ಲಿ ಅತ್ತ 280 ಜನ, ಇತ್ತ 80 ಜನ ಮಾತ್ರ ಬಳಸಬಲ್ಲರು. ಸಮಾನ ಜಾಗದಿಂದಲೇ ಸರದಿ ಹುಟ್ಟಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಮಹಿಳೆಯರಿಗೆ ಬಸ್ ಪ್ರಯಾಣ ಉಚಿತವಾದ ಮೇಲೆ ನಿಲ್ದಾಣಕ್ಕೆ ಬರುವ ಹೆಣ್ಣುಮಕ್ಕಳ ಸಂಖ್ಯೆ ಏರಿದೆ, ಹಳೆಯ ನಕ್ಷೆಗಳು ಮಾತ್ರ ಹಾಗೇ ಇವೆ. ಹೆಂಗಸರ ಕಡೆ ಕೋಣೆಗಳು ಗಂಡಸರ ಕಡೆಯ ಕೋಣೆ, ಮೂತ್ರಿ ಸೇರಿದ ಒಟ್ಟು ಸಂಖ್ಯೆಯ ಎರಡರಷ್ಟಾದರೂ ಬೇಕು; ಪ್ರತಿ ಕೋಣೆಯೊಳಗೆ ನಲ್ಲಿ, ಚೀಲ ತೂಗುಹಾಕಲು ಗಟ್ಟಿ ಕೊಕ್ಕೆ, ಮುಟ್ಟಿನ ಪ್ಯಾಡ್ ಹಾಕಲು ಮುಚ್ಚಳದ ಡಬ್ಬಿ ಬೇಕು. ಎಳೆಗೂಸನ್ನು ಎತ್ತಿಕೊಂಡು ಬಂದವಳು ಚೀಲವನ್ನು ಒದ್ದೆ ನೆಲದ ಮೇಲಿಡುವುದು ಹೇಗೆ? 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ನಂತರ ಸಾರ್ವಜನಿಕ ಕಟ್ಟಡಗಳಲ್ಲಿ ಗಾಲಿಕುರ್ಚಿಗೆ ಒಗ್ಗುವ ಶೌಚಾಲಯ ಇರಲೇಬೇಕು: 90 ಸೆಂಟಿಮೀಟರ್ ಬಾಗಿಲು, ಒಳಗೆ ಕುರ್ಚಿ ತಿರುಗಲು ಒಂದೂವರೆ ಮೀಟರ್ ವೃತ್ತ, ಮೆಟ್ಟಿಲ ಬದಲು ಇಳಿಜಾರು ದಾರಿ. ಕಟ್ಟಿ ಬೀಗ ಹಾಕಿದ ಕೋಣೆ ಈ ಲೆಕ್ಕಕ್ಕೆ ಸೇರುವುದಿಲ್ಲ.

ಕಾಗಿನೆಲೆಯದು ಜಾತ್ರೆಯ ಲೆಕ್ಕ. ಆದಿಕೇಶವನನ್ನೂ ಕನಕದಾಸರ ನೆಲೆಯನ್ನೂ ನೋಡಲು ವಾರದ ದಿನ ಬರುವವರು ಬೆರಳೆಣಿಕೆಯಾದರೆ ಕಾರ್ತಿಕದ ಕನಕ ಜಯಂತಿಗೆ ಊರು ತುಂಬುತ್ತದೆ. ಜಯಂತಿಯ ಲೆಕ್ಕಕ್ಕೆ ಕಟ್ಟಿದರೆ ಉಳಿದ ದಿನ ಬಳಕೆಯಿಲ್ಲದೆ ಟ್ರ್ಯಾಪಿನ ನೀರು ಒಣಗಿ ವಾಸನೆ ಮೇಲೇರುತ್ತದೆ. ವಾರದ ದಿನದ ಲೆಕ್ಕಕ್ಕೆ ಕಟ್ಟಿದರೆ ಜಯಂತಿಯಂದು ಕೆರೆಯ ದಂಡೆಯೇ ಶೌಚಾಲಯವಾಗುತ್ತದೆ. ಪರಿಹಾರ ಕಷ್ಟದ್ದೇನಲ್ಲ. ಪ್ರತ್ಯೇಕ ವಾಲ್ವ್, ಪ್ರತ್ಯೇಕ ಬೀಗವಿರುವ ಚಿಕ್ಕ ಚಿಕ್ಕ ಭಾಗಗಳಾಗಿ ಕಟ್ಟಿ, ದಿನವೂ ಒಂದನ್ನು ಸರದಿಯಂತೆ ತೆರೆಯುವುದು. ಪಕ್ಕದಲ್ಲಿ ನೀರಿನ ನಲ್ಲಿ ಮತ್ತು ಚೇಂಬರ್ ಸಿದ್ಧವಿರುವ ಸಮತಟ್ಟು ಜಾಗ ಬಿಟ್ಟು, ಜಾತ್ರೆಗೆ ತಾತ್ಕಾಲಿಕ ಶೌಚಾಲಯಗಳನ್ನು ತಂದು ಜೋಡಿಸುವುದು. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ ನಡೆದ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದಂಥ ಜನಜಾತ್ರೆಗೂ ಈ ಏರ್ಪಾಡೇ ದಾರಿ. ಕಾಗಿನೆಲೆಯಲ್ಲಿ ಕ್ಷೇತ್ರಕ್ಕೆಂದೇ ಅಭಿವೃದ್ಧಿ ಪ್ರಾಧಿಕಾರವೂ ಇರುವುದರಿಂದ ಯಾರ ಹೊಣೆ ಎಂಬ ಗೊಂದಲಕ್ಕೆ ಎಡೆಯಿಲ್ಲ.

"ಎಷ್ಟು ಚೆಂದ ಕಟ್ಟಿದರೂ ಜನ ಕೆಡಿಸುತ್ತಾರೆ" ಎಂಬುದು ಈ ವಿಷಯದಲ್ಲಿ ಎಲ್ಲಕ್ಕಿಂತ ಹಳೆಯ ಆಕ್ಷೇಪ, ಪೂರ್ತಿ ಸುಳ್ಳೂ ಅಲ್ಲ. ಆದರೆ ಕೆಡುವ ಕ್ರಮವನ್ನು ಗಮನಿಸಬೇಕು. ಮೊದಲು ಬಲ್ಬು ಹೋಗುತ್ತದೆ, ಕತ್ತಲಲ್ಲಿ ಗುರಿ ತಪ್ಪುತ್ತದೆ. ನಂತರ ನಲ್ಲಿ ಮುರಿಯುತ್ತದೆ, ನೀರಿಲ್ಲದೆ ಹಾಗೇ ಬಿಟ್ಟುಹೋಗುತ್ತಾರೆ. ಆಮೇಲೆ ಚಿಲಕ, ಅಲ್ಲಿಗೆ ಹೆಂಗಸರು ಬರುವುದು ನಿಲ್ಲುತ್ತದೆ. ಗಲೀಜಾದ ಜಾಗವನ್ನು ಯಾರೂ ಜೋಪಾನ ಮಾಡುವುದಿಲ್ಲ. ಕೆಡುವಿಕೆಯ ಮೊದಲ ಮೆಟ್ಟಿಲಿನಲ್ಲಿರುವ ಸಾಮಾನು ಬಲು ಅಗ್ಗದ್ದು, ಅದನ್ನು ಅಂದೇ ಬದಲಿಸುವ ಮನುಷ್ಯ ಅಲ್ಲಿಲ್ಲದ್ದೇ ಕೊರತೆ. ಆದ್ದರಿಂದ ಎರಡೂ ಬಾಗಿಲು ಕಾಣುವಂತೆ ಕಾವಲಿನವರಿಗೊಂದು ಕೋಣೆ, ಹಗಲು ಬೆಳಕು ಬೀಳುವ ಎತ್ತರದ ಕಿಂಡಿ, ಪೈಪುಗಳನ್ನು ಜನರ ಕೈಗೆ ಸಿಗದಂತೆ ಗೋಡೆ ಹಿಂದಿನ ಸಂದಿಗೆ ಒಯ್ಯುವುದು, ಒತ್ತಿ ಬಿಟ್ಟರೆ ತಾನೇ ನಿಲ್ಲುವ ನಲ್ಲಿ ಇವೆಲ್ಲ ನಕ್ಷೆಯಲ್ಲೇ ಬರಬೇಕು. ಬಲ್ಬು, ನಲ್ಲಿ, ಚಿಲಕಗಳ ದುಡ್ಡು ವರ್ಷದ ಬಜೆಟ್ಟಿನಲ್ಲಿ ಬರಬೇಕು.

ಐದನೆಯ ಪ್ರಶ್ನೆ ಉಳಿಯಿತು: ಕೊಳೆ ತೆಗೆಯುವವರು ಯಾರು? ಹಾವೇರಿ ಜಿಲ್ಲೆ ಇದನ್ನು ಮರೆಯುವಂತಿಲ್ಲ. 2010ರ ಜುಲೈನಲ್ಲಿ ಸವಣೂರಿನಲ್ಲಿ ತಲೆಮಾರುಗಳಿಂದ ಮಲ ಹೊರುವ ಕೆಲಸಕ್ಕೆ ದೂಡಲ್ಪಟ್ಟಿದ್ದ ಸಮುದಾಯದವರು ಒಕ್ಕಲೆಬ್ಬಿಸುವ ಬೆದರಿಕೆಯ ವಿರುದ್ಧ ಪುರಸಭೆಯ ಮುಂದೆ ಮಲವನ್ನು ತಮ್ಮ ಮೈಮೇಲೆ ಸುರಿದುಕೊಂಡು ಪ್ರತಿಭಟಿಸಿದರು. ಕುಲದ ಮೇಲರಿಮೆಯನ್ನು ಕನಕದಾಸರು ಪ್ರಶ್ನಿಸಿದ ನೆಲದಿಂದ ಸವಣೂರು ದೂರವೇನಿಲ್ಲ. 2013ರ ಕಾಯಿದೆ ಮನುಷ್ಯರನ್ನು ಮಲ ಬಾಚಲು ಹಚ್ಚುವುದನ್ನೂ ರಕ್ಷಣಾ ಸಲಕರಣೆಯಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನೂ ಅಪರಾಧವೆಂದಿದೆ. ಇಂಥ ಸಾವಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಕಾನೂನು ಕೈಗೆ ಬರುವ ಮೊದಲು ನಕ್ಷೆ ತೀರ್ಪು ಕೊಟ್ಟಿರುತ್ತದೆ. ಯಂತ್ರದ ಗಾಡಿ ಬರಲು ದಾರಿಯಿಲ್ಲದ ಹಿಂದಿನ ಓಣಿಯಲ್ಲಿ ಟ್ಯಾಂಕು ಕಟ್ಟಿದರೆ, ಮುಚ್ಚಳವನ್ನು ಸಿಮೆಂಟಿನಲ್ಲಿ ಹೂತರೆ, ವಾಟವಿಲ್ಲದೆ ಪೈಪು ಮಲಗಿಸಿದರೆ, ಎಂದೋ ಒಂದು ದಿನ ಒಬ್ಬ ಮನುಷ್ಯ ಅಲ್ಲಿ ಇಳಿಯಬೇಕಾಗುತ್ತದೆ. ಟ್ಯಾಂಕು ರಸ್ತೆಯಿಂದ ಗಾಡಿಯ ಪೈಪು ಮುಟ್ಟುವ ದೂರದಲ್ಲಿರಲಿ, ಚೇಂಬರಿನ ಮುಚ್ಚಳ ಎತ್ತುವಂತಿರಲಿ, ನೆಲ ಗೋಡೆ ಸೇರುವ ಮೂಲೆ ದುಂಡಗಿರಲಿ, ಉದ್ದ ಪೈಪಿನಿಂದ ನಿಂತೇ ತೊಳೆಯುವಂತಿರಲಿ, ತೊಳೆಯುವವರಿಗೆ ಬಟ್ಟೆ ಬದಲಿಸಿ ಜಳಕ ಮಾಡಲು ಒಂದು ಕೋಣೆ ಇರಲಿ. ಮನೆಯಲ್ಲೂ ಇದೇ ಮಾತು: ಬಚ್ಚಲು ಉಜ್ಜುವವರು ಕಮೋಡಿನ ಹಿಂದಿನ ಕೈ ತೂರದ ಸಂದಿಗೆ ಬಗ್ಗಬೇಕಾಗದಂತೆ ನಕ್ಷೆ ಬರೆಯಬೇಕು.

ಹಾಗಾಗಿ ಗೌಂಡಿಗೆ ಕೊನೆಯ ಕಂತು ಕೊಡುವ ಮುಂಚೆ, ಗುತ್ತಿಗೆದಾರನ ಬಿಲ್ಲಿಗೆ ಎಂಜಿನಿಯರು ಸಹಿ ಹಾಕುವ ಮುಂಚೆ, ಒಂದು ತಂಬಿಗೆ ನೀರು ತೆಗೆದುಕೊಂಡು ಜಾಲರಿಯಿಂದ ದೂರದ ಮೂಲೆಗೆ ಸುರಿದು ನೋಡಿ. ಅದು ಬಾಗಿಲ ಕಡೆ ಬಂದರೆ ದುಡ್ಡು ತಡೆಹಿಡಿಯಿರಿ. ಅರ್ಧ ಗಂಟೆ ಬಿಟ್ಟು ಬರಿಗಾಲಲ್ಲಿ ನಡೆದು ನೋಡಿ, ಒದ್ದೆ ತಗುಲಿದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಆಮೇಲೆ ಹೊರಗೆ ಹೋಗಿ ಚೇಂಬರಿನ ಮುಚ್ಚಳ ನೀವೇ ಎತ್ತಿ. ಎತ್ತಲು ಬಾರದಿದ್ದರೆ ನಾಳೆ ಅದನ್ನು ಎತ್ತಬೇಕಾದವರ ಕೈಯನ್ನು ನೆನೆದು, ಸರಿಮಾಡಿಸಿ. ನಕ್ಷೆ ಇನ್ನೂ ಕಾಗದದ ಮೇಲಿದ್ದರಂತೂ ಇದೇ ತಂಬಿಗೆಯನ್ನು ಪೆನ್ಸಿಲ್ಲಿನಿಂದ ಸುರಿಯಬಹುದು. ಟೈಲ್ಸ್ ಅಂಗಡಿ ನಾಳೆಯೂ ತೆರೆದಿರುತ್ತದೆ.